ಬಿಟ್ಟ ಸ್ಥಳ

ರಿಜಿಸ್ಟರಿನಲ್ಲಿ ಗೆರೆ ಎಳೆದು ಮನೆ ಮಾಡಿಕೊಟ್ಟಿದ್ದಾರೆ:
ತಾರೀಖು, ಗಂಡೋ ಹೆಣ್ಣೋ, ಮೈಬಣ್ಣ, ತೂಕ,
ಹಿಡಿದ ಸ್ಥಳ.
ಕೊನೆಯ ಮನೆ, ಬಿಟ್ಟ ಸ್ಥಳ.
ಎರಡೂ ಒಂದೇ ಇರಬೇಕು ಚಿಕ್ಕತಾಯಮ್ಮ,
ಒಂದು ಬೀದಿ ಅತ್ತಿತ್ತ ಆಗಕೂಡದು,
ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು.
ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು.
ಬಿಟ್ಟ ಸ್ಥಳ ತುಂಬುವುದೊಂದು
ಆಗಲೂ ಚೆನ್ನಾಗಿ ಬರುತ್ತಿತ್ತು.

ಬೆಳಗಿನ ಐದಕ್ಕೆ ಸಿದ್ದಪ್ಪಾಜಿಯ ಟೆಂಪೋ.
ಬಲೆ ಬೀಸುವ ಕೈಯೂ ಅವನದೇ,
ಬಿಸ್ಕತ್ತು ಮುರಿದು ಹಾಕುವ ಕೈಯೂ ಅವನದೇ.
ಗುತ್ತಲಿನ ಕರಿಯ, ಮಟನ್ ಅಂಗಡಿ ಮುಂದಿನ ಕುಂಟಿ,
ಮೈಸೂರು ಬಸ್ಸಿಗೆ ಮಾತ್ರ ಬೊಗಳುವ ಸ್ಟ್ಯಾಂಡಿನ ಮುದುಕ,
ಒಂದೊಂದು ಬೋನಿನಲ್ಲಿ ಒಂದೊಂದು,
ಬೀದಿ ಜಗಳ ಮರೆತು
ಒಂದೇ ಸಮ ನಡುಗುತ್ತ.

ಟೀ ಅಂಗಡಿಯಲ್ಲಿ ತಡೆದು ಕೇಳುತ್ತಾರೆ:
ಅಲ್ಲ ಕಣಮ್ಮಿ, ಹಿಡಿದದ್ದನ್ನ ಮತ್ಯಾಕೆ ತಂದು ಬಿಡೀರಿ?
ನನ್ನ ಮೊಮ್ಮಗನ ಮೀನಖಂಡಕ್ಕೆ ಬಾಯಿ ಹಾಕಿದ್ದು ಮರ್ತೋಯ್ತಾ?
ಮರೆತಿಲ್ಲ. ಆ ಕಾಲನ್ನು ನಲ್ಲಿಯ ಕೆಳಗೆ ಹಿಡಿದು
ಸೋಪು ಹಾಕಿ ಕಾಲು ಗಂಟೆ ತೊಳೆದವಳು ನಾನೇ.
ವಿಷದುಂಡೆಯ ಕಾಲವನ್ನೂ ಮರೆತಿಲ್ಲ.
ಶಾಲೆಯ ದಾರಿಯುದ್ದಕ್ಕೂ ಹಲ್ಲು ಕಿರಿದು ಬಿದ್ದಿದ್ದವು.
ಆರು ತಿಂಗಳಿಗೆ ಅದೇ ತಿಪ್ಪೆಯ ಮೇಲೆ
ಬೇರೆ ಊರಿನ ಬೇರೆ ಹಲ್ಲು.

ಟೇಬಲ್ಲಿನ ಮೇಲೆ ನಾಲಗೆ ಜೋತು ಮಲಗಿದವಳ
ಹೊಟ್ಟೆಯ ರೋಮ ಬೋಳಿಸುವಾಗ
ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ, ದಿನಾ.
ಎರಡನೆಯವನು ಹುಟ್ಟಿ ಏಳು ತಿಂಗಳಾಗಿತ್ತು.
ಕ್ಯಾಂಪಿನಲ್ಲಿ ಹದಿನೆಂಟು ಹೆಂಗಸರು ಚಾಪೆಯ ಮೇಲೆ ಸಾಲಾಗಿ.
ಸಂಜೆ ಟ್ರ್ಯಾಕ್ಟರಿಗೆ ಕಬ್ಬಿನ ಸೋಗೆ ಹಾಸಿ ಮನೆಗೆ ಕಳಿಸಿದರು;
ಒಂದೊಂದು ಹಳ್ಳಕ್ಕೂ ಒಂದೊಂದು ಹೊಲಿಗೆ ಎಣಿಸಿದೆ.
ಕಾಗದದ ಮೇಲೆ ಗಂಡನ ಹೆಬ್ಬೆಟ್ಟು ಇತ್ತು.
ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೂಂ ಅನ್ನುತ್ತಿದ್ದೆನೋ ಏನೋ,
ಅದು ಬೇರೆ ಮಾತು.

ಇವಳನ್ನಾದರೂ ಕೇಳುವುದು ಹೇಗೆ?
ಅದಕ್ಕೇ ಐದು ದಿನ ನೆರಳು, ಕೋಳಿಕಾಲಿನ ಸಾರಿಗೆ ಕಲಸಿದ ಅನ್ನ,
ನನ್ನ ಹಳೇ ಕಂಬಳಿಯ ಒಂದು ತುಂಡು.
ಕೇಳದೆ ಮಾಡಿದ್ದಕ್ಕೆ
ಇಷ್ಟಾದರೂ.

ಸಾತನೂರು ಕಡೆಯ ಆಲೆಮನೆಯಿಂದ ಕಂದು ನಾಯಿ ತಂದ ದಿನ
ಅದರ ಮೂತಿಗೆಲ್ಲ ಬೆಲ್ಲದ ಮಡ್ಡಿ.
ಡಾಕ್ಟರಮ್ಮ ಮೊಲೆ ಒತ್ತಿ ನೋಡಿದರು.
ಬೆರಳ ತುದಿಗೆ ಒಂದು ಹನಿ.
ಯಾರೂ ಮಾತಾಡಲಿಲ್ಲ.
ಸಿದ್ದಪ್ಪಾಜಿ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು
ಕೈ ತೊಳೆದು ಗಾಡಿ ಹತ್ತಿದ.
ಬೋನಿನ ಬಾಗಿಲು ಎತ್ತಿದ್ದಷ್ಟೇ,
ಒಣಗಿದ ಕಬ್ಬಿನ ಸಿಪ್ಪೆಯ ರಾಶಿಯೊಳಗೆ
ಸೊಂಟದವರೆಗೆ ತೂರಿಕೊಂಡಳು.
ಒಳಗಿನಿಂದ ಕುಂಯ್ ಕುಂಯ್, ನಾಲ್ಕೋ ಐದೋ.
ಆ ಸಿಪ್ಪೆ ಅವತ್ತು ಸಂಜೆಯ ಒಲೆಗೆ ಹೋಗಬೇಕಾದ್ದು.
ಬೋರಲಿಂಗಯ್ಯ ಕೊಪ್ಪರಿಗೆಯ ಹೊಗೆಯೊಳಗಿಂದಲೇ ಕೂಗಿದ:
ಲೋ, ಉರಿಗೆ ಆ ಕಡೆಯಿಂದ ತೆಗೀರ್ಲಾ,
ಈ ಕಡೆ ಮುಟ್ಟಬೇಡಿ.

ರಿಜಿಸ್ಟರಿನಲ್ಲಿ ಬರೆದೆ: ಹಾಲೂಡಿಸುತ್ತಿದೆ. ಎರಡು ತಿಂಗಳು ಬಿಟ್ಟು.

ಎರಡು ತಿಂಗಳು ಬಿಟ್ಟು ಬಂದಳು, ಬಿಸ್ಕತ್ತಿನ ಹಿಂದೆ,
ಬಲೆ ಬೇಕಾಗಲಿಲ್ಲ.
ಎಡಗಿವಿಯ ತುದಿಯಲ್ಲಿ ಈಗ ಒಂದು ಕಚ್ಚು,
ಕುಡುಗೋಲು ತಾಗಿದ ಸೋಗೆಯ ಹಾಗೆ.
ಹಿಡಿದ ಸ್ಥಳ: ಆಲೆಮನೆ.
ಬಿಟ್ಟ ಸ್ಥಳ: ಆಲೆಮನೆ.
ಮರಿಗಳಲ್ಲಿ ಎರಡು ಕಬ್ಬಿನ ಲಾರಿಗೆ, ಒಂದು ಭೇದಿಗೆ;
ಉಳಿದೊಂದು ಬೋರಲಿಂಗಯ್ಯನ ಜಗಲಿಯ ಮೇಲೆ.
ಅವನ್ನು ಬರೆಯಲು ರಿಜಿಸ್ಟರಿನಲ್ಲಿ ಮನೆಯಿಲ್ಲ.

ಸಂಜೆ ಅದೇ ದಾರಿಯಲ್ಲಿ ನಡೆದು ಬರುತ್ತೇನೆ.
ಊರಿಗೆಲ್ಲ ಬಾಲ ಆಡಿಸುವವಳು
ನನ್ನ ಸೀರೆಯ ಡೆಟಾಲ್ ವಾಸನೆ ಹಿಡಿದು
ಆಲೆಮನೆ ದಾಟುವವರೆಗೂ ಬೊಗಳುತ್ತಾಳೆ.
ಬೊಗಳಲಿ.
ಆ ಕ್ಯಾಂಪಿನ ನರ್ಸಮ್ಮ, ಒಳ್ಳೆಯವಳೇ,
ಸಂತೆಯಲ್ಲಿ ಎದುರಾದಾಗಲೆಲ್ಲ
ನಾನೂ ರಸ್ತೆ ದಾಟಿ
ಆಚೆ ಬದಿಗೆ ಹೋಗುತ್ತಿದ್ದೆ.