ಗುಳ್ಳೆ

ಜುಲೈ. ಲಾನ್ಸೆಸ್ಟನ್ನಿನ ಇನ್ವರ್‌ಮೇ ಬೀದಿಗಳಿಂದ
ಹೊಳೆಯ ಮಂಜು ಇನ್ನೂ ಎದ್ದಿಲ್ಲ,
ಸೌದೆ ಒಲೆಗಳ ಹೊಗೆಯೂ ಅದರೊಳಗೇ ಕೂತಿದೆ.
ಬಾಗಿಲು ತೆಗೆದವಳು ಡಾರ್ಸಿ, ರಾತ್ರಿಪಾಳಿ ಬೇಕರಿಯವಳು,
ಉಗುರಲ್ಲಿ ಹಿಟ್ಟು, ಮೈಮೇಲೆ ಎರಡು ಕೋಟು.
"ಬಿಸಿಗಾಳಿ ಬರುತ್ತದೆ," ಎಂದಳು, "ಆದರೆ ಬಿಸಿ ಇಲ್ಲ."

ಇದಕ್ಕಿಂತ ಒಳ್ಳೆಯ ವರದಿ ಯಾವ ಮೀಟರೂ ಕೊಟ್ಟಿಲ್ಲ ನನಗೆ.

ಅಂಗೈಯಲ್ಲ, ಹಿಂಗೈ ಒಡ್ಡಿದೆ,
ಕೂಸಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.
ಉಗುರುಬೆಚ್ಚಗಿಗೂ ಒಂದು ಮೆಟ್ಟಿಲು ಕೆಳಗೆ.
ಕೇಳಿದ್ದು ಇಪ್ಪತ್ತೆರಡು ಡಿಗ್ರಿ, ಕೋಣೆಯಲ್ಲಿರುವುದು ಹದಿನಾಲ್ಕು;
ನಿನ್ನೆ ಸಂಜೆಯಿಂದ ನಿಲ್ಲದೆ ಓಡಿದೆಯಂತೆ, ಎಲ್ಲಿಗೂ ತಲುಪದೆ.
ಫ್ರಿಜ್ಜಿಗೆ ಅಂಟಿಸಿದ ಕರೆಂಟು ಬಿಲ್ಲು
ಅವಳು ತೋರಿಸಲಿಲ್ಲ. ನಾನೇ ಕಂಡೆ.

ಹಿತ್ತಲಲ್ಲಿ ಹೊರಯಂತ್ರ.
ಈ ಚಳಿಗೆ ಮೈಮೇಲೆ ಬಿಳಿ ಕಟ್ಟುವುದು ರೋಗವಲ್ಲ,
ಆಗೊಮ್ಮೆ ಈಗೊಮ್ಮೆ ತಾನೇ ಕಾದು, ಆವಿಯಾಡಿ, ಕೊಡವಿಕೊಂಡು
ಮತ್ತೆ ಕೆಲಸಕ್ಕಿಳಿಯುತ್ತದೆ.
ಇದು ಹಾಗಲ್ಲ:
ಕೆಳಗಿನ ನಾಲ್ಕು ಸಾಲಿಗೆ ಗಟ್ಟಿ ಮಂಜುಗಡ್ಡೆ,
ಮೇಲಿನದೆಲ್ಲ ಒಣ ಒಣ,
ಮೊದಲ ಪಂಕ್ತಿಗೇ ಅಡುಗೆ ಮುಗಿದ ಮದುವೆಮನೆ.

"ಗ್ಯಾಸ್ ಮುಗಿದಿರಬೇಕು. ಪ್ರತಿ ಚಳಿಗಾಲ
ಮಾಲೀಕ ಯಾರನ್ನೋ ಕಳಿಸುತ್ತಾನೆ, ತುಂಬಿಸಿ ಹೋಗುತ್ತಾರೆ."
ಮೂರು ಚಳಿಗಾಲ, ಮೂವರು.
ಒಬ್ಬನೂ ಮಂಡಿಯೂರಿ ನೋಡಲಿಲ್ಲ.

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದೆ
ನಮ್ಮಪ್ಪನದು ಸೈಕಲ್ ಅಂಗಡಿ.
"ಬರೀ ಗಾಳಿ ಹೊಡದ್ರ ಸಾಕು" ಎಂದವರಿಗೆ
ಪಂಪು ಮುಟ್ಟಗೊಡುತ್ತಿರಲಿಲ್ಲ:
"ಗಾಳಿ ಖರ್ಚಾಗೂ ಸಾಮಾನಲ್ರೀ.
ಕಡಿಮ್ಯಾಗೇತಿ ಅಂದ್ರ ಎಲ್ಲೋ ಹೊಂಟೈತಿ."
ಆಮೇಲೆ ಟ್ಯೂಬು, ಬೋಗುಣಿಯ ಕೆಸರು ನೀರು,
ಉಸಿರು ಹಿಡಿದು ಬಗ್ಗಿದ ನಾನು.

ಬದಿಯ ಮುಚ್ಚಳ ಬಿಚ್ಚಿದೆ.
ದಪ್ಪ ಕೊಳವೆಯ ನಟ್ಟಿನ ಬುಡದಲ್ಲಿ ಎಣ್ಣೆ,
ಧೂಳು ಕುಡಿದು ಕಪ್ಪಾದ ಜಿಡ್ಡು.
ಅನಿಲ ಕಾಣದೆ ಓಡಿಹೋಗುತ್ತದೆ,
ಜೊತೆಗೆ ಹೊರಟ ಎಣ್ಣೆ ಹೊಸ್ತಿಲಲ್ಲೇ ಸಿಕ್ಕಿಬೀಳುತ್ತದೆ.
ಕಿವಿಗೊಟ್ಟೆ, ಏನೂ ಇಲ್ಲ.
ಸಾಬೂನು ನೀರು ಬಳಿದು ಎಣಿಸಿದೆ,
ಒಂಬತ್ತಕ್ಕೆ ಒಂದು ಗುಳ್ಳೆ, ಸಾಸಿವೆಯಷ್ಟು.
ಪಕ್ಕಕ್ಕೊಂದು ತಂಗಿ.
ಡಾರ್ಸಿಯೂ ಒದ್ದೆ ಹುಲ್ಲಲ್ಲಿ ಮಂಡಿಯೂರಿದಳು.
"ಇಷ್ಟೇನಾ?"
ಇಷ್ಟೇ.

ಉಳಿದದ್ದನ್ನು ಸಿಲಿಂಡರಿಗೆ ಎಳೆದು ತೂಗಿದೆ,
ಒಂದು ಕಿಲೋ ಇನ್ನೂರು ಇರಬೇಕಾದಲ್ಲಿ ಏಳುನೂರ ಹತ್ತು ಗ್ರಾಂ.
ತಾಮ್ರದ ತುದಿ ಕೊಯ್ದು, ಹೊಸದಾಗಿ ಅರಳಿಸಿ, ಬಿಗಿದು,
ನೈಟ್ರೋಜನ್ ತುಂಬಿ ಕೂತೆವು ಮುಳ್ಳು ನೋಡುತ್ತ.
ಮುಳ್ಳು ಕದಲಲಿಲ್ಲ. ನಿನ್ನೆಯ ಬನ್ನು ತಿಂದೆವು.
ಆಮೇಲೆ ನಿರ್ವಾತ, ಆಮೇಲೆ ತಕ್ಕಡಿ,
ಅಂದಾಜಿನ ಒಂದು ಗ್ರಾಮೂ ಇಲ್ಲದೆ ತುಂಬಿದೆ.

ಅಲ್ಲೇನು ರಿಪೇರಿ ಮಾಡ್ತೀಯವ್ವಾ ಅಂತ
ಅಪ್ಪ ರವಿವಾರ ಫೋನಿನಲ್ಲಿ ಕೇಳುತ್ತಾನೆ.
ಪಂಕ್ಚರ್ ಅನ್ನುತ್ತೇನೆ.
ನಗುವುದಿಲ್ಲ ಅವನು, ರೇಟು ಕೇಳುತ್ತಾನೆ.

ನಾನು ಹೊರಡುವಾಗ ಡಾರ್ಸಿ
ಗಾಳಿಗೆ ಹಿಂಗೈ ಒಡ್ಡಿ ನಿಂತಿದ್ದಳು.
ಒಂದು ಕೋಟು ಕುರ್ಚಿಯ ಮೇಲಿತ್ತು.
ಇನ್ನೊಂದರ ಗುಂಡಿ ಇನ್ನೂ ಬಿಚ್ಚಿರಲಿಲ್ಲ.