ಡಬ್ಬಿ ಒಬ್ಬಳ ಮನೆ, ಬೀಗದಕೈ ಇನ್ನೊಬ್ಬಳ ಮನೆ

ಡಬ್ಬಿ ಹಾಲಮ್ಮನ ಮನೆಯಲ್ಲಿ, ಅಕ್ಕಿ ಡ್ರಮ್ಮಿನ ಹಿಂದೆ.
ಬೀಗದಕೈ ಜೈಬುನ್ನಿಸಾಳ ದುಪಟ್ಟಾ ಗಂಟಿನಲ್ಲಿ.
ಪುಸ್ತಕ ನನ್ನ ಹತ್ತಿರ,
ಏಳನೇ ಕ್ಲಾಸು ಮುಗಿಸಿದವಳು ನಾನೊಬ್ಬಳೇ ಅಂತ.

ಸೀಗೆಹಟ್ಟಿಯ ಈ ಓಣಿಯಲ್ಲಿ ಬುಧವಾರ ಸಂಜೆ
ಹದಿನಾಲ್ಕು ಜನ, ತಲೆಗೆ ಐವತ್ತು.
ಗಾಂಧಿಬಜಾರಿನಲ್ಲಿ ಮೊಳ ಹಾಕಿ ಬಂದ ಹೂವಿನ ದುಡ್ಡು ಒದ್ದೆ,
ಗುತ್ಯಮ್ಮನ ನೋಟಿಗೆ ಬಂಗುಡೆ ವಾಸನೆ,
ಜೈಬು ಕೊಡುವುದರಲ್ಲಿ ಬೀಡಿ ಸೊಪ್ಪಿನ ಪುಡಿ.
ಎರಡು ದಿನ ಕಳೆದರೆ ಎಲ್ಲದಕ್ಕೂ ಒಂದೇ ವಾಸನೆ,
ತಗಡಿನದು.

ಒಮ್ಮೆ ವಿಮೆಯವನು ಬಂದಿದ್ದ, ಇಸ್ತ್ರಿ ಶರಟು.
ಚಹಾ ಕುಡಿದು ಕಾಗದ ಹರಡಿದ.
ಸತ್ತರೆ ಇಷ್ಟು, ಕಾಲು ಹೋದರೆ ಇಷ್ಟು,
ಒಂದು ಕಣ್ಣಿಗೆ ಅರ್ಧ.
"ಗಂಡ ಕುಡಿದು ಬಂದು ಒಲೆ ಒದ್ದರೆ?"
ಸೆಲ್ವಿ ಕೇಳಿದಳು.
ಪುಟ ತಿರುವಿದ ಪಾಪ, ನಿಜವಾಗಿಯೂ ಹುಡುಕಿದ.
"ಅದು ಇದರಲ್ಲಿ ಬರಲ್ಲಮ್ಮ."

ನಮ್ಮದರಲ್ಲಿ ಬರುತ್ತದೆ. ಪುಟ ಹನ್ನೊಂದು:
ಸೆಲ್ವಿ, ಸ್ಟೌ ಒಂದು, ಪಾತ್ರೆ ಎರಡು, ಸಾವಿರದ ನಾನೂರು.
ತಿರುಗಿ ಬಂದದ್ದು ಹತ್ತೊಂಬತ್ತು ವಾರದಲ್ಲಿ.
ಬಡ್ಡಿಯ ಜಾಗದಲ್ಲಿ ಒಂದು ಗೀಟು ಎಳೆದಿದ್ದೇನೆ,
ಖಾಲಿ ಬಿಟ್ಟರೆ ಮರೆತೆನೇನೋ ಅನ್ನಿಸುತ್ತದೆ.

ನನ್ನಜ್ಜಿ ಹೊಸನಗರದ ಕಡೆಯವಳು,
ನೆಟ್ಟಿ ಕಾಲದಲ್ಲಿ ಮುಯ್ಯಾಳು ಹೋಗುತ್ತಿದ್ದಳು.
ಅವರ ಗದ್ದೆಗೆ ನನ್ನ ಬೆನ್ನು, ನನ್ನದಕ್ಕೆ ಅವರದು ಅನ್ನುವಳು.
ಅವಳಿಗೆ ಗದ್ದೆಯೇ ಇರಲಿಲ್ಲವೆಂದು
ಅವಳು ಹೋದ ಮೇಲೆ ಗೊತ್ತಾಯಿತು.
ಅವಳ ಆರು ಹೆರಿಗೆಗೆ ಬಂದವಂತೆ ಆ ಬೆನ್ನುಗಳು,
ಬಾಣಂತಿ ನೀರು ಹೊತ್ತವಂತೆ.

ಈಗ, ಹೇಳಬೇಕಾದದ್ದು.

ದ್ಯಾವಮ್ಮ ಸಂಘ ಬಿಟ್ಟು ಹೋಗಿದ್ದಳು.
ಮುನ್ನೂರು ಕಡಿಮೆ ಬಂದ ಬುಧವಾರ
ಎಲ್ಲರೆದುರು ನನ್ನನ್ನು ಕಳ್ಳಿ ಅಂದಿದ್ದಳು.
ಆರು ವಾರ ಕಟ್ಟದಿದ್ದರೆ ಹೆಸರು ಹೊಡೆಯುವುದು, ಅದು ನಿಯಮ.
ನಾನೇ ಬರೆದದ್ದು.
ಹೊಡೆದೆ. ಒಂದು ಗೀಟು ಸಾಕಿತ್ತು, ಎರಡು ಎಳೆದೆ.

ಮಾಗಿ ಚಳಿಯಲ್ಲಿ ಒಂದು ನಸುಕು, ಹೂವು ತರಲು ಹೊರಟವಳನ್ನು
ತುಂಗೆಯ ಹಳೇ ಸೇತುವೆ ಮೇಲೆ ಗೂಡ್ಸ್ ಆಟೋ ಗುದ್ದಿತು.
ಸೊಂಟ. ಮೆಗ್ಗಾನ್ ಆಸ್ಪತ್ರೆ. ಮಗಳಿಗೆ ಹತ್ತು ವರ್ಷ.
ಬುಧವಾರವಲ್ಲ, ಆದರೂ ಸೇರಿದೆವು.
ನಾನು ಪುಸ್ತಕ ಬಿಡಿಸಿ ನಿಯಮ ಓದಿದೆ,
ಸ್ವಲ್ಪ ಜೋರಾಗಿಯೇ ಓದಿದೆ.
ಯಾರೂ ಏನೂ ಅನ್ನಲಿಲ್ಲ.
ಗುತ್ಯಮ್ಮ ಉಗುರಿಗಂಟಿದ ಮೀನಿನ ಪೊರೆ ಕೀಳುತ್ತಾ,
ತಲೆ ಎತ್ತದೆ,
"ನಿನ್ನ ಇಟ್ಕಂಡಿದ್ದು ಲೆಕ್ಕ ಬರಿಯಾಕೆ ಕಣೆ,
ಲೆಕ್ಕ ಹಾಕಾಕಲ್ಲ."
ಜೈಬು ಆಗಲೇ ಗಂಟು ಬಿಚ್ಚುತ್ತಿದ್ದಳು.

ಆರು ಸಾವಿರ, ಬರೆದೆ.
ದ್ಯಾವಮ್ಮನ ಬುಟ್ಟಿ ಹೊತ್ತು ಇಪ್ಪತ್ತು ದಿನ ಹೂ ಮಾರಿದವಳು ಸೆಲ್ವಿ,
ಮಗುವಿಗೆ ಉಣ್ಣಲಿಕ್ಕಿದವಳು ಹಾಲಮ್ಮ,
ಆಸ್ಪತ್ರೆಯ ನೆಲದ ಮೇಲೆ ಸರದಿಯಂತೆ ಮಲಗಿದವರು ಇಷ್ಟು ಜನ.
ಅದನ್ನು ಬರೆಯಲು ಕಾಲಮ್ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಲು ಹೋದೆ,
ಹಾಲಮ್ಮ ಬೈದಳು.

ಮೂರನೇ ರಾತ್ರಿ ನನ್ನ ಸರದಿ.
ನನ್ನನ್ನು ಕಂಡು ಗೋಡೆಯ ಕಡೆ ಮುಖ ತಿರುಗಿಸಿದಳು,
ಸೊಂಟ ಮಿಸುಕದೆ ಬರೀ ಮುಖ.
ಗಂಜಿ ಕುಡಿಸಿದೆ, ಮಲದ ಪಾತ್ರೆ ತೊಳೆದೆ.
ಬೆಳಕು ಹರಿಯುವ ಹೊತ್ತಿಗೆ ಗೋಡೆಗೇ ಕೇಳಿದಳು,
"ಆ ಮುನ್ನೂರು ಸಿಕ್ತಾ?"

ಸಿಕ್ಕಿತ್ತು. ಎಂಟು ತಿಂಗಳ ಹಿಂದೆಯೇ.
ಕೂಡಿದ್ದರಲ್ಲಿ ದಶಕ ತಪ್ಪಿ ನೂರರ ಮನೆಗೆ ಹೋಗಿತ್ತು.
ಯಾರಿಗೂ ಹೇಳಿರಲಿಲ್ಲ.
ಕಳ್ಳಿ ಅಂದವಳು ತಪ್ಪಿತಸ್ಥೆಯಾಗಿಯೇ ಇರಲಿ ಅಂತ
ಪುಟ ಮಡಿಸಿಟ್ಟಿದ್ದೆ.
"ಸಿಕ್ತು," ಅಂದೆ. "ತಪ್ಪು ನಂದೇ."
ಅವಳು ಹ್ಞೂಂ ಅನ್ನಲಿಲ್ಲ.
ನರ್ಸು ಬಂದು ಸೂಜಿ ಚುಚ್ಚಿದಳು.

ಗೀಟೆಳೆದ ಹೆಸರನ್ನು ಅಳಿಸಲು ಬರುವುದಿಲ್ಲ,
ಬಾಲ್ ಪೆನ್ನು. ಹೊಸ ಪುಟದಲ್ಲಿ ಮತ್ತೆ ಬರೆದೆ.
ಈಗ ಕೋಲೂರಿ ಬರುತ್ತಾಳೆ ಬುಧವಾರ,
ಬಾಗಿಲ ಹತ್ತಿರವೇ ಕೂರುತ್ತಾಳೆ.
ನನ್ನ ಹತ್ತಿರ ಇನ್ನೂ ಮಾತಿಲ್ಲ.
ಐವತ್ತು ಮಾತ್ರ ತಪ್ಪಿಸಿಲ್ಲ.