ಲೇ, ಹಾವ್ರೀ

ತಗಡಿನ ಹಾಳೆ. ಮೊಳಕ್ಕೆ ಎರಡು ಬೆರಳು ಕಮ್ಮಿ.
ನಡುವೆ ಕೊರೆದ ಏಳು ತೂತಕ್ಷರ,
ಒಂದರ ಹೊಟ್ಟೆಯನ್ನು ತುಕ್ಕು ತಿಂದಿದೆ.
ಅಂಚಿಗೆ ಅಂಟಿದ ಕರಿಮಸಿ
ಎಂಬತ್ತು ವರ್ಷದ ಮೇಲೂ ಉಗುರಿಗೆ ಬರುತ್ತದೆ.

ರಾಯಚೂರ ಗಂಜಿನ ಹಿಂದೆ, ಜಿನ್ನಿಂಗ್ ಫ್ಯಾಕ್ಟರಿಯಲ್ಲಿ
ಹುಸೇನಪ್ಪ ತಾತನ ಕೆಲಸ ಇಷ್ಟೇ:
ಪ್ರೆಸ್ಸಿನಿಂದ ಉಸಿರು ಬಿಗಿಹಿಡಿದು ಹೊರಬಿದ್ದ ಅಂಡಿಗೆಯ
ಗೋಣಿಯ ಎದೆಗೆ ತಗಡು ಒತ್ತಿ
ಮಸಿಬಟ್ಟೆ ಎಳೆಯುವುದು.
ತಗಡು ಎತ್ತಿದರೆ ಊರು.

ಓದು ಬರದವನಿಗೆ ಮುನೀಮ ಕೇಸರಿಮಲ್ಲ ಒಮ್ಮೆ ಓದಿ ಹೇಳಿದ,
ಫ್ರಾನ್ಸ್ ದೇಶದ ಬಂದರು ಅಂತ.
ಹಮಾಲರ ಬಾಯಲ್ಲಿ ಅದು ಸಂಜೆಯೊಳಗೆ
'ಲೇ, ಹಾವ್ರೀ!' ಆಯಿತು.
ಹೊಸ ಹುಡುಗರು ಅಂಡಿಗೆ ಬಿಟ್ಟು ಹಾರುತ್ತಿದ್ದರು.
'ಲೇ ಅಂತನೂ ಅಂತಾರ, ರೀ ಅಂತನೂ ಅಂತಾರ,
ಇದ್ಯಾವೂರ ಮರ್ಯಾದಿ?'
ಬಂದರು ಅಂದಮೇಲೆ ಹಾಗೇ ಇರಬೇಕು ಎಂದುಕೊಂಡ ತಾತ,
ಬೈಯುವವನೂ ಕೈಮುಗಿಯುವವನೂ ಒಂದೇ ಕಟ್ಟೆಯ ಮೇಲೆ.

ಸಮುದ್ರ ಎಂದರೆ ಆಚೆ ದಂಡೆ ಇಲ್ಲದ ಮಾವಿನಕೆರೆ.
ಅಲ್ಲೂ ಒಬ್ಬ ದಲಾಲಿ ಇರಬೇಕು,
ಅಂಡಿಗೆಯ ಹೊಲಿಗೆಯೊಳಗೆ ಬೆರಳಿಟ್ಟು
ಚಿಟಿಕೆ ಹತ್ತಿ ಕಿತ್ತು, ಎರಡು ಹೆಬ್ಬೆರಳ ನಡುವೆ ಜಗ್ಗಿ
ಎಳೆಯ ಉದ್ದಕ್ಕೆ ಮೂಗು ಮುರಿಯುವವ.
ಅವನ ಕೋಟಿಗೆ ನಮ್ಮ ಎರೆಹೊಲದ ಧೂಳು ಹತ್ತಿರಬೇಕು,
ಅವನ ಹೆಂಡತಿ ಕೊಡವುತ್ತ ಬೈದಿರಬೇಕು.

ಹೋದ ಹತ್ತಿ ತಿರುಗಿ ಬಂದದ್ದು ಒಂದೇ ಸಲ,
ಸೇಠರ ಮಗಳ ಮದುವೆಗೆ, ಛೀಟಿನ ಥಾನಾಗಿ.
ಅದೇ ಹತ್ತಿಯೋ ಅಲ್ಲವೋ, ಕೇಳಿದವರಾರು.
ಮಸಿಗೈಯಲ್ಲಿ ಮುಟ್ಟಹೋಗಿ ಬೈಸಿಕೊಂಡ.
'ಬರೇ ಮೈಲೆ ಹೋದಾಕಿ ಹೂ ಮುಡ್ಕಂಡು ಬಂದಾಳ,'
ಮನೆಗೆ ಬಂದು ಹೇಳಿದನಂತೆ.

ನಲವತ್ತರಲ್ಲಿ ಆ ಊರಿಗೆ ಜರ್ಮನಿಯವರು ಹೊಕ್ಕರು.
ಆ ಗುರುತಿನ ಅಂಡಿಗೆ ನಿಂತವು.
ಮೂರು ವಾರದ ಪಗಾರ ಬಾಕಿ, ಹಾಲಿ ಸಿಕ್ಕಾದಲ್ಲಿ.
ಮುನೀಮ ಕೈಚೆಲ್ಲಿದ: 'ತಗಡು ಬೇಕಾದ್ರ ಒಯ್ಯಿ.'
ಒಯ್ದ.

ಜಂಬಕ್ಕ, ನನ್ನ ಜೇಜಿ, ಬೈಯಲಿಲ್ಲ. ತಿರುಗಿಸಿ ನೋಡಿದಳು.
ಮರುದಿನ ಸಾರಿಸಿದ ಅಂಗಳದಲ್ಲಿ ತಗಡಿಟ್ಟು
ರಂಗೋಲಿ ಪುಡಿ ಉದುರಿಸಿ ಅಂಗೈಯಿಂದ ಸವರಿದಳು.
ಎತ್ತಿದರೆ ಏಳು ಬಿಳಿ ಗುರುತು, ಹೊಸ್ತಿಲ ಮುಂದೆ.
ಚುಕ್ಕಿ ಎಣಿಸುವ ತ್ರಾಸಿಲ್ಲ.
ನಾಲ್ಕು ವರ್ಷ ದಿನಾ ಬೆಳಿಗ್ಗೆ
ನಮ್ಮ ಓಣಿಗೆ ಆ ಬಂದರು ಬಂತು;
ಹಾಲಿನವಳ ಎಮ್ಮೆ ತುಳಿದು, ಕೋಳಿ ಕೆದರಿ,
ಮಧ್ಯಾಹ್ನದ ಗಾಳಿಗೆ ಹೋಯಿತು.

ಆಮೇಲೊಂದು ಸಂಜೆ ಕೇಸರಿಮಲ್ಲನೇ ಪೇಪರು ಹಿಡಿದು ಬಂದ.
'ಹುಸೇನಪ್ಪ, ನಿನ್ನ ಊರು ಸುಟ್ಟುಹೋತು.'
ಬಿಡಿಸಲು ಬಂದವರ ವಿಮಾನಗಳೇ ಹಾಕಿದ ಬೆಂಕಿ.
ಸಾವಿರಗಟ್ಟಲೆ ಮನೆ. ಜನ.
ತಾತ ಬೀಡಿ ಹಚ್ಚಿದ, ಸೇದಲಿಲ್ಲ.

ಬೆಳಿಗ್ಗೆ ಜೇಜಿ ಅಂಗಳ ಗುಡಿಸಿದಳು,
ನೀರು ಹೊಡೆಯಲಿಲ್ಲ. ಪುಡಿಯ ಡಬ್ಬಿ ತೆಗೆಯಲಿಲ್ಲ.
ನೆರೆಯಾಕೆ ಬೋಳು ಹೊಸ್ತಿಲು ಕಂಡು ಗಾಬರಿಯಾಗಿ
'ಯಾರು ಹೋದ್ರಬೇ?' ಅಂದಳಂತೆ.
'ಹತ್ತಿ ಗಿರಾಕಿಗಳು.'
ಮೂರು ದಿನ ಹಾಗೇ ಇತ್ತು.
ನಾಲ್ಕನೆಯ ದಿನ ಸಗಣಿ ಸಾರಿಸಿ ತಗಡಿಟ್ಟಳು.
ಸುಟ್ಟ ಊರು ಬೆಳ್ಳಗೆ ಎದ್ದಿತು.

ನಿನ್ನೆ ಫೋನಿನಲ್ಲಿ ನೋಡಿದೆ. ಸಿಮೆಂಟಿನಲ್ಲಿ ಮತ್ತೆ ಕಟ್ಟಿದ್ದಾರೆ:
ಬೂದಿ ಬಣ್ಣದ ಸಾಲುಮನೆ, ಬೂದಿ ಬಣ್ಣದ ನೀರು,
ಕಬ್ಬಿಣದ ಪೆಟ್ಟಿಗೆ ಹೇರಿದ ಹಡಗು.
ಅಂಡಿಗೆ ಹುಡುಕಿದೆ, ಸಿಗಲಿಲ್ಲ.
ಅಲ್ಲಿಯ ಹೆಂಗಸೊಬ್ಬಳು ಊರ ಹೆಸರು ಹೇಳುತ್ತಿದ್ದಳು,
ಮೂರು ಸಲ ಕೇಳಿದೆ.
ಅವರು ಹ ಅನ್ನುವುದೇ ಇಲ್ಲ.

ಹಾವು ಅಲ್ಲಿ ಇರಲೇ ಇಲ್ಲ, ತಾತಾ.
ಹ ಬಿಟ್ಟರೆ ಉಳಿಯುವುದು
ಹೆಚ್ಚುಕಡಿಮೆ ಜೇಜಿ ನಿನ್ನನ್ನು ಕೇಳುತ್ತಿದ್ದ ಹಾಗೆ,
ಹೆಸರು ಹಿಡಿಯದೆ,
ಒಲೆಯ ಮುಂದಿನಿಂದ, ರೊಟ್ಟಿ ತಿರುವುತ್ತ:
'ಅವ್ರು ಬಂದ್ರೇನು?'